ಸ್ಟೆಪ್ನಿ, ಡಿಕ್ಕಿ, ಚಿಮಣಿ

‘ಡಿಕ್ಕಿ ತೆಗೀರಿ ಸಾರ್, ಸ್ಟೆಪ್ನಿ ನೋಡೋಣ’ ಎಂದು ಪಂಕ್ಚರ್ ಅಂಗಡಿಯ ಹುಡುಗ ಹೇಳಿದರೆ ನಮಗ್ಯಾರಿಗೂ ಅರ್ಥ ಕೇಳುವ ಪ್ರಮೇಯ ಬರುವುದಿಲ್ಲ. ಇದೇ ಎರಡು ಪದಗಳನ್ನು ಇವತ್ತು ಲಂಡನ್ನಿನ ಗ್ಯಾರೇಜಿನಲ್ಲಿ ಆಡಿದರೆ ಹೆಚ್ಚಿನವರು ಮುಖ ಮುಖ ನೋಡಿಯಾರು. ಎರಡೂ ಅವರದೇ ಪದಗಳು. ಅಲ್ಲಿ ಬಳಕೆ ತಪ್ಪಿವೆ, ಇಲ್ಲಿ ದಿನಬೆಳಗಾದರೆ ಬೇಕಾಗುತ್ತವೆ.

ಸ್ಟೆಪ್ನಿ ಒಂದು ಬೀದಿಯ ಹೆಸರು. ವೇಲ್ಸ್ ನಾಡಿನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ ಡೇವಿಸ್ ಸೋದರರು ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದರು. ಆಗಿನ ಮೋಟಾರುಗಳಲ್ಲಿ ಇನ್ನೊಂದು ಚಕ್ರ ಇಟ್ಟುಕೊಳ್ಳುವ ಪದ್ಧತಿ ಇರಲಿಲ್ಲ. ಕುದುರೆಗಳು ಓಡಾಡುವ ರಸ್ತೆ. ಲಾಳದ ಮೊಳೆ ಚುಚ್ಚಿ ಗಾಳಿ ಹೋದರೆ ನಡುದಾರಿಯಲ್ಲೇ ಕೂತು ಟೈರು ಬಿಚ್ಚಿ ತೇಪೆ ಹಾಕಬೇಕು. 1904ರಲ್ಲಿ ಈ ಸೋದರರು ಕಡ್ಡಿಗಳಿಲ್ಲದ ಬರೀ ರಿಮ್ಮಿಗೆ ಗಾಳಿ ತುಂಬಿದ ಟೈರು ತೊಡಿಸಿ, ಕೆಟ್ಟ ಚಕ್ರದ ಮಗ್ಗುಲಿಗೆ ಕ್ಲಾಂಪಿನಿಂದ ಬಿಗಿಯುವ ಉಪಾಯ ಕಂಡುಹಿಡಿದರು. ಅದು ದೇಶದೇಶಗಳಿಗೆ ಹೋಯಿತು. ಚಕ್ರವನ್ನೇ ಬಿಚ್ಚಿ ಬದಲಿಸುವ ಕಾರುಗಳು ಬಂದ ಮೇಲೆ ಆ ವಸ್ತುವಿಗೆ ಕೆಲಸವಿಲ್ಲದಾಯಿತು. ಹೆಸರು ಮಾತ್ರ ನಮ್ಮಲ್ಲಿ ಉಳಿಯಿತು. ಬ್ರೆಜಿಲ್‌ನಲ್ಲೂ ‘ಎಸ್ತೆಪಿ’ ಎಂದು ಉಳಿದಿದೆ.

ಡಿಕ್ಕಿಯದು ಇನ್ನೂ ಹಳೆಯ ಕಥೆ. ಕುದುರೆ ಸಾರೋಟಿನ ಹಿಂಬದಿಯಲ್ಲಿ ಆಳುಗಳು ಕೂರುವ ಜಾಗಕ್ಕೆ ಆ ಹೆಸರಿತ್ತು. ಆಮೇಲೆ ಇಬ್ಬರೇ ಕೂರುವ ಮೋಟಾರುಗಳಲ್ಲಿ ಹಿಂದೆ ಮಡಚಿಡುವ ಸೀಟು ಡಿಕ್ಕಿಯಾಯಿತು. ಕಾರಿನ ಹಿಂದೆ ಸಾಮಾನಿಡುವ ಜಾಗಕ್ಕೆ ಇಂಗ್ಲೆಂಡಿನವರು ಈಗ ಬೂಟ್ ಎನ್ನುತ್ತಾರೆ, ನಮಗದು ಡಿಕ್ಕಿಯೇ. ನಾವು ಸ್ಕೂಟರಿನ ಸೀಟಿನಡಿಯ ಗೂಡಿಗೂ ಡಿಕ್ಕಿ ಎಂದೇ ಕರೆದೆವು.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಚಿಮಣಿ. ದೀಪದ ಉರಿ ಗಾಳಿಗೆ ಆರದಂತೆ ಸುತ್ತ ನಿಲ್ಲಿಸುವ ಗಾಜಿನ ಕೊಳವೆಗೆ ಇಂಗ್ಲಿಷಿನಲ್ಲಿ ಆ ಹೆಸರಿತ್ತು. ಉತ್ತರ ಕರ್ನಾಟಕದ ಮನೆಗಳಲ್ಲಿ ಗಾಜೇ ಇಲ್ಲದ, ತಗಡಿನ ಬುಡ್ಡಿಗೆ ಬತ್ತಿ ತೂರಿಸಿದ ದೀಪವೂ ಚಿಮಣಿಯಾಯಿತು. ಅದಕ್ಕೆ ಹಾಕುವುದು ಚಿಮಣಿ ಎಣ್ಣಿ. ಮೈಸೂರು ಸೀಮೆಯವರು ಅದನ್ನೇ ಸೀಮೆಎಣ್ಣೆ ಎಂದರು. ಗಾಜಿನಿಂದ ದೀಪಕ್ಕೆ, ದೀಪದಿಂದ ಎಣ್ಣೆಗೆ ಒಂದು ಪದ ಇಷ್ಟು ದೂರ ನಡೆದದ್ದು ಮಾತಾಡುವವರ ಬಾಯಲ್ಲೇ, ಯಾವ ಪಂಡಿತರ ಅಪ್ಪಣೆಯೂ ಇಲ್ಲದೆ. ಇದು ಕನ್ನಡದ ಪದ. ಇಂಥವನ್ನು ಪರಭಾಷೆಯ ಕಸವೆಂದು ಗುಡಿಸಿಹಾಕುವ ಉತ್ಸಾಹ ನನಗೆ ಒಪ್ಪಿಗೆಯಿಲ್ಲ.

ಆಕ್ಸ್‌ಫರ್ಡಿನ ದೊಡ್ಡ ಇಂಗ್ಲಿಷ್ ನಿಘಂಟಿನಿಂದ ನಾವು ಕಲಿಯಬೇಕಾದದ್ದಿದೆ. ಒಮ್ಮೆ ಒಳಗೆ ಬಂದ ಪದವನ್ನು ಅದು ಹೊರಹಾಕುವುದಿಲ್ಲ. ಬಳಕೆ ತಪ್ಪಿದ ಪದದ ಪಕ್ಕ ಸಣ್ಣದೊಂದು ಕಠಾರಿಯ ಗುರುತು ಹಾಕಿ ಉಳಿಸಿಕೊಳ್ಳುತ್ತದೆ. 1879ರಲ್ಲಿ ಸಂಪಾದಕ ಜೇಮ್ಸ್ ಮರ‍್ರೆ ಓದುಗರಿಗೇ ಮನವಿ ಮಾಡಿಕೊಂಡರು. ಪದ, ಅದು ಬಂದ ವಾಕ್ಯ, ಪುಸ್ತಕ, ವರ್ಷ ಇಷ್ಟನ್ನು ಚೀಟಿಯಲ್ಲಿ ಬರೆದು ಕಳಿಸಿ ಎಂದರು. ಜನ ಲಕ್ಷಗಟ್ಟಲೆ ಚೀಟಿ ಕಳಿಸಿದರು. ಮೊದಲ ಕಂತು 1884ರಲ್ಲಿ ಬಂತು, ಕೆಲಸ ಮುಗಿದದ್ದು 1928ರಲ್ಲಿ. ಮುಗಿದದ್ದನ್ನು ನೋಡಲು ಮರ‍್ರೆ ಇರಲಿಲ್ಲ.

ನಮ್ಮಲ್ಲೂ ಕಿಟೆಲ್ಲರ 1894ರ ಕೋಶವಿದೆ, ಕಾವ್ಯ ಶಾಸನಗಳಿಂದ ಪ್ರಯೋಗಗಳನ್ನು ಆಯ್ದು ಕಟ್ಟಿದ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಿವೆ, ಜಿ. ವೆಂಕಟಸುಬ್ಬಯ್ಯನವರ ಎರವಲು ಪದಕೋಶವಿದೆ. ಆದರೆ ಗ್ಯಾರೇಜು, ಅಡುಗೆಮನೆ, ಹಳೆಯ ಆಸ್ಪತ್ರೆಗಳ ಮಾತು ಬರಹಕ್ಕೆ ಬಂದದ್ದೇ ಕಡಿಮೆ. ಡಾಕ್ಟರ ಚೀಟಿ ನೋಡಿ ಮಿಕ್ಸ್ಚರ್ ಬೆರೆಸಿ, ಎಷ್ಟು ಸಲಕ್ಕೆ ಎಷ್ಟು ಎಂದು ತಿಳಿಯಲು ಸೀಸೆಯ ಮೈಗೆ ಕಚ್ಚು ಮಾಡಿದ ಕಾಗದದ ಪಟ್ಟಿ ಅಂಟಿಸುತ್ತಿದ್ದ ಕಾಂಪೌಂಡರನ್ನು ಕಂಡವರು ಈಗ ವಯಸ್ಸಾದವರು. ಅವರಿರುವಾಗಲೇ ಕೇಳಿ ಬರೆದುಕೊಳ್ಳಬೇಕು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಮನೆಯ ಹಿರಿಯರು, ಊರಿನ ಮೆಕ್ಯಾನಿಕ್ಕು, ದರ್ಜಿ, ನಿವೃತ್ತ ಓವರ್ಸಿಯರು ಆಡುವ ಇಂಥ ಪದಗಳನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಪದದ ಜತೆಗೆ ಅವರು ಆಡಿದ ವಾಕ್ಯ ಹಾಗೆಯೇ ಇರಲಿ, ಊರೂ ಕಸುಬೂ ಇರಲಿ, ಸುಮಾರು ಯಾವ ಕಾಲದ ನೆನಪು ಎಂಬುದಿರಲಿ. ಉಚ್ಚಾರವನ್ನು ತಿದ್ದಬೇಡಿ. ಬಂದದ್ದನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.