ದೇಹದೊಳಗಿನ ಯಂತ್ರಕ್ಕೆ ಒಡೆಯರು ಯಾರು?

ಯಂತ್ರಾಂಗಗಳನ್ನು ಧರಿಸಿ ಸಾಹಸಕ್ಕೆ ಹೊರಡುವ ನಾಯಿಕೆಯರ ಕಥೆಗಳಿಗೆ ನಮ್ಮ ತರುಣ ವಾಚಕರಲ್ಲಿ ಈಗ ಒಳ್ಳೆಯ ಮನ್ನಣೆಯಿದೆ. ‘ಸೈಬರ್‌ಪಂಕ್’ ಎಂದು ಹೆಸರಾದ ಈ ಪ್ರಕಾರಕ್ಕೆ ವಿಲಿಯಂ ಗಿಬ್ಸನ್ನರ ‘ನ್ಯೂರೋಮ್ಯಾನ್ಸರ್’ (1984) ಆಧಾರಗ್ರಂಥವೆನ್ನಬಹುದು. ಅದರಲ್ಲಿ ಬರುವ ಮಾಲಿಯ ಕಣ್ಣುಗಳನ್ನು ಕನ್ನಡಿಯಂಥ ಮಸೂರಗಳು ಮುಚ್ಚಿವೆ. ಉಗುರುಗಳ ಅಡಿಯಿಂದ ಅಲಗುಗಳು ಹೊರಚಾಚುತ್ತವೆ. ಓದುವವರು ಅಲಗುಗಳಿಗೆ ಮರುಳಾಗುವುದು ಸಹಜ. ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಬೇರೆ: ಆ ಶಸ್ತ್ರಚಿಕಿತ್ಸೆಗಳ ಹಣವನ್ನು ಆಕೆ ತನ್ನ ಪ್ರಜ್ಞೆಯನ್ನು ನಂದಿಸಿಟ್ಟು, ಶರೀರವನ್ನು ಬಾಡಿಗೆಗೆ ಕೊಟ್ಟು ಗಳಿಸಿದವಳು.

ಇದು ಬರಿಯ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ‘ಆರ್ಗಸ್ 2’ ಎಂಬ ಕೃತಕ ಅಕ್ಷಿಪಟಲಕ್ಕೆ 2013ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಲೋಕದಾದ್ಯಂತ ಸುಮಾರು 350 ಅಂಧರು ಅದನ್ನು ಕಣ್ಣೊಳಗೆ ಇರಿಸಿಕೊಂಡರು. 2019ರಲ್ಲಿ ಕಂಪನಿಯು ಅದರ ತಯಾರಿಕೆಯನ್ನೇ ಕೈಬಿಟ್ಟಿತು. ಯಂತ್ರ ಕಣ್ಣಿನಲ್ಲಿಯೇ ಉಳಿಯಿತು. ಕೆಟ್ಟರೆ ತಿದ್ದುವವರು ಇಲ್ಲವಾದರು.

ನಮ್ಮಲ್ಲಿಯೂ ಇಂಥ ದೇಹಯಂತ್ರವೊಂದು ಸದ್ದಿಲ್ಲದೆ ಬಂದು ಸೇರಿದೆ. ಕಾಕ್ಲಿಯರ್ ಇಂಪ್ಲಾಂಟಿನ ಹೊರಭಾಗ ಕಿವಿಯ ಹಿಂದೆ ಕುಳಿತು ಶಬ್ದವನ್ನು ಸಂಕೇತವಾಗಿಸುತ್ತದೆ. ಚರ್ಮದಡಿಯ ಒಳಭಾಗ ಅದನ್ನು ವಿದ್ಯುತ್ ಸ್ಪಂದನವಾಗಿಸಿ ಶ್ರವಣನರಕ್ಕೆ ಮುಟ್ಟಿಸುತ್ತದೆ. ಹುಟ್ಟುಗಿವುಡಾದ ಮಗುವಿಗೆ ಎಳವೆಯಲ್ಲಿಯೇ ಇದನ್ನು ಜೋಡಿಸಬೇಕು, ಮಿದುಳು ಮಾತನ್ನು ಕಲಿಯುವ ಕಾಲ ಮೀರುವ ಮುನ್ನ. ಬಡವರ ಮಕ್ಕಳಿಗೆ ಕೇಂದ್ರ ಸರಕಾರದ ಎಡಿಐಪಿ ಯೋಜನೆಯ ನೆರವುಂಟು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಸೇವೆಯನ್ನು ಮರೆಯಲಾಗದು.

ಆದರೆ ಶಸ್ತ್ರಚಿಕಿತ್ಸೆ ಒಂದು ದಿನದ ಮಾತು. ಬಳಿಕ ವರ್ಷಗಟ್ಟಲೆ ವಾಕ್ ತರಬೇತಿ ನಡೆಯಬೇಕು. ದಾಂಡೇಲಿಯ ಕೋಗಿಲಬನದಂಥ ಕಡೆ ಅದು ಹೇಗೆ ಸಾಗೀತು? (ಕೋಗಿಲೆಯನ್ನು ಹೆಸರಿನಲ್ಲಿಯೇ ಹೊತ್ತ ಊರಿನಲ್ಲಿ ಕೇಳಿಸದ ಮಗುವೊಂದನ್ನು ನೆನೆಯುವಾಗ ನನ್ನ ಮನಸ್ಸು ತುಸು ಕಲಕುತ್ತದೆ.) ಮೈಸೂರು ಬಹುದೂರ. ಮಳೆಗಾಲದ ತೇವ ಸೂಕ್ಷ್ಮ ಯಂತ್ರಕ್ಕೆ ವೈರಿ. ರಾತ್ರಿ ಅದನ್ನು ಡಬ್ಬಿಯಲ್ಲಿಟ್ಟು ಒಣಗಿಸಬೇಕು. ಈ ಸೀಮೆಯ ಅನೇಕ ಮನೆಗಳಲ್ಲಿ ತಾಯಿ ಆಡುವುದು ಕೊಂಕಣಿ, ಶಾಲೆಯ ನುಡಿ ಕನ್ನಡ. ಮಗುವಿಗೆ ಮೊದಲು ಯಾವ ಮಾತನ್ನು ಕೇಳಿಸುವುದು? ತಾಯಿಯ ಮಾತನ್ನೇ ಎಂದು ನಾನೆನ್ನುತ್ತೇನೆ. ಕನ್ನಡ ಅದರ ಬೆನ್ನಿಗೆ ಬಂದೀತು.

ಇನ್ನು ಹೊರಭಾಗ ಕೆಲವು ವರ್ಷಗಳಲ್ಲಿ ಸವೆಯುತ್ತದೆ. ಒಂದು ಕಂಪನಿಯ ಒಳಭಾಗಕ್ಕೆ ಇನ್ನೊಂದರ ಹೊರಭಾಗ ಹೊಂದದು. ಗಡಿಯಾರವಾದರೆ ಬೇರೆ ಕೊಳ್ಳಬಹುದು. ತಲೆಬುರುಡೆಯಲ್ಲಿ ಕುಳಿತದ್ದನ್ನು ಬದಲಿಸುವುದು ಸುಲಭವೆ? ಆದ್ದರಿಂದ ಸರಕಾರ ಸಾಧನವನ್ನು ಕೊಳ್ಳುವ ದಿನವೇ, ಇಷ್ಟು ವರ್ಷ ಬಿಡಿಭಾಗ ಒದಗಿಸತಕ್ಕದ್ದೆಂದು ಕಂಪನಿಯಿಂದ ಕರಾರು ಬರೆಯಿಸಿಕೊಳ್ಳಬೇಕು. ರಿಪೇರಿಯ ವ್ಯವಸ್ಥೆ ಹುಬ್ಬಳ್ಳಿ-ಧಾರವಾಡಕ್ಕೆ ನಿಲ್ಲದೆ ತಾಲೂಕು ಆಸ್ಪತ್ರೆಯವರೆಗೂ ಬರಬೇಕು. ತಂತಿಯೊಂದು ತುಂಡಾದರೆ ಆ ಹುಡುಗಿಗೆ ಶಾಲೆಯ ಪಾಠ ಅಂದಿನಿಂದಲೇ ನಿಂತುಹೋಗುತ್ತದೆ.