ಅಂಗೈ ಮಾರುಕಟ್ಟೆಗೆ ನಮ್ಮ ಷರತ್ತುಗಳು



ಬೆಳೆಗಾರರು ತಮ್ಮ ಕಾಫಿ, ಅಡಿಕೆಗಳನ್ನು ಮೊಬೈಲ್ ಮೂಲಕವೇ ವರ್ತಕರಿಗೆ ಮಾರುವಂತಹ ಆ್ಯಪೊಂದನ್ನು ಸಂಘವು ಮಾಡಿಸಬೇಕೆಂಬ ಸಲಹೆ ಹಲವು ಸದಸ್ಯರಿಂದ, ಅದರಲ್ಲೂ ಯುವಕರಿಂದ, ಬಂದಿದೆ. ಸಲಹೆ ಸ್ವಾಗತಾರ್ಹವೇ. ಆದರೆ ಆ್ಯಪ್ ಬೇಕೇ ಬೇಡವೇ ಎಂಬುದಕ್ಕಿಂತ ಅದು ಹೇಗಿರಬೇಕು, ಯಾರ ಕಟ್ಟಳೆಗೆ ಒಳಪಟ್ಟಿರಬೇಕು ಎಂಬುದೇ ಮುಖ್ಯ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ. ಬರೀ ದರ ತೋರಿಸುವ ಫಲಕ ಮಾರುಕಟ್ಟೆಯಾಗದು. ಸರಿಯಾದ ತೂಕ, ಇಬ್ಬರೂ ಒಪ್ಪಿದ ದರ್ಜೆ, ಸಕಾಲಕ್ಕೆ ಹಣ, ಈ ಮೂರೂ ಕೂಡಿದರೆ ಮಾತ್ರ ಅದು ಮಾರುಕಟ್ಟೆ.

ಹಿಂದಿನದನ್ನು ಸ್ವಲ್ಪ ನೆನೆಯೋಣ. 1942ರ ಕಾಫಿ ಕಾಯಿದೆಯ ಕೆಳಗೆ ನಮ್ಮ ಕಾಫಿಯೆಲ್ಲ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು. ಹಣ ಕಂತಿನಲ್ಲಿ ಬರುತ್ತಿತ್ತು, ಕಾಯಬೇಕಾಗಿತ್ತು. ಆದರೆ ಕೊಂಡವನು ಕೈಕೊಡುವ ಭಯವಿರಲಿಲ್ಲ. 1996ರಲ್ಲಿ ಆ ಕಡ್ಡಾಯ ಪೂರ್ಣವಾಗಿ ತೊಲಗಿ, ಮಾರುವ ಸ್ವಾತಂತ್ರ್ಯ ಬಂತು. ಜೊತೆಗೆ ಸಣ್ಣ ಬೆಳೆಗಾರ ಒಂಟಿಯೂ ಆದ. ಅನೇಕ ಕಡೆ ಅವನ ಕಣದಲ್ಲಿ ದರ್ಜೆ ಹೇಳುವವನು, ತೂಗುವವನು, ದರ ಕಟ್ಟುವವನು ಒಬ್ಬನೇ ಆಗಿಬಿಟ್ಟ. ಅಡಿಕೆಯಲ್ಲಿ ಈ ಒಂಟಿತನವನ್ನು ನೀಗಲೆಂದೇ ಶಿರಸಿಯಲ್ಲಿ 1923ರಲ್ಲಿ ತೋಟಗಾರರ ಮಾರಾಟ ಸಂಘವೂ ಮಂಗಳೂರಿನಲ್ಲಿ 1973ರಲ್ಲಿ ಕ್ಯಾಂಪ್ಕೊವೂ ಹುಟ್ಟಿದವು. ಆ್ಯಪ್ ಆ ಪರಂಪರೆಯ ಮುಂದುವರಿಕೆಯಾಗಬೇಕೇ ಹೊರತು ಬೆಳೆಗಾರನನ್ನು ಮತ್ತೆ ಒಂಟಿಯಾಗಿಸುವ ಸಾಧನವಾಗಬಾರದು.

ಸರ್ಕಾರದ ಕಡೆಯಿಂದಲೂ ಪ್ರಯತ್ನಗಳಾಗಿವೆ. 2014ರಲ್ಲಿ ಕರ್ನಾಟಕವು ಎಪಿಎಂಸಿಗಳಿಗಾಗಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. 2016ರ ಏಪ್ರಿಲ್ 14ರಂದು ಕೇಂದ್ರದ ಇ-ನಾಮ್ ಬಂತು. 2019ರ ಮಾರ್ಚ್‌ನಲ್ಲಿ ಕಾಫಿ ಮಂಡಳಿಯು ಬ್ಲಾಕ್‌ಚೈನ್ ಆಧಾರಿತ ಇ-ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ತೆರೆಯಿತು. ಎಪಿಎಂಸಿ ವ್ಯವಸ್ಥೆಯಿಂದ ಕಲಿಯಬೇಕಾದ ಪಾಠವೊಂದಿದೆ. ಅಲ್ಲಿ ಬಿಡ್ ನಡೆಯುವುದು ಕಂಪ್ಯೂಟರಿನಲ್ಲಾದರೂ ಮಾಲು ಪ್ರಾಂಗಣದಲ್ಲಿ ಕಣ್ಣೆದುರು ಇರುತ್ತದೆ, ಪ್ರತಿ ಲಾಟಿಗೂ ಸಂಖ್ಯೆಯಿರುತ್ತದೆ. ಮಾಲಿನ ಮೇಲೆ ನಂಬಿಕೆ ಹುಟ್ಟದೆ ಯಾವ ಯಂತ್ರವೂ ದರ ಹುಟ್ಟಿಸಲಾರದು.

ಆದ್ದರಿಂದ ಆ್ಯಪ್ ಸಿದ್ಧಪಡಿಸುವವರ ಮುಂದೆ ನಾವು ಇಡಬಯಸುವ ಷರತ್ತುಗಳು ಇವು.

ಮೊದಲನೆಯದು ದರ್ಜೆ. ಪರದೆಯ ಮೇಲೆ ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ನಮ್ಮ ಹೆಸರುಗಳೇ ಇರಲಿ. ಕಾಫಿಯಲ್ಲಿ ಚೆರಿ, ಪಾರ್ಚ್‌ಮೆಂಟ್ ಎಂದಷ್ಟೇ ಬರೆದರೆ ಸಾಲದು, ಔಟ್‌ಟರ್ನ್ ಮತ್ತು ತೇವಾಂಶ ನಮೂದಾಗಬೇಕು. 50 ಕಿಲೋ ಚೆರಿ ಮೂಟೆಯೊಂದರಲ್ಲಿ 26 ಕಿಲೋ ಬೀಜ ಸಿಗುವುದಕ್ಕೂ 24 ಕಿಲೋ ಸಿಗುವುದಕ್ಕೂ 40 ಮೂಟೆಗೆ 80 ಕಿಲೋ ಬೀಜದ ವ್ಯತ್ಯಾಸ. ಫೋಟೋದಲ್ಲಿ ಇದು ಕಾಣುವುದಿಲ್ಲ. ಅಡಿಕೆಯ ಒಳಹುಳುಕೂ ಕಾಣುವುದಿಲ್ಲ. ಮಾದರಿ ತೆಗೆದು, ತೂಗಿ, ಪರೀಕ್ಷಿಸುವ ಕೆಲಸ ಸಂಘದ ಗೋದಾಮಿನಲ್ಲಿ, ಬೆಳೆಗಾರನ ಸಮಕ್ಷಮದಲ್ಲಿ ನಡೆದ ಮೇಲೆಯೇ ಲಾಟು ಆ್ಯಪಿಗೆ ಏರಬೇಕು.

ಎರಡನೆಯದು ದರ. ನಮ್ಮಂತಹ ಊರುಗಳಲ್ಲಿ ಖರೀದಿದಾರರು ಬೆರಳೆಣಿಕೆಯಷ್ಟು. ಒಬ್ಬನ ಬಿಡ್ ಇನ್ನೊಬ್ಬನಿಗೆ ಕಂಡರೆ ಅದಕ್ಕಿಂತ ನಾಲ್ಕಾಣೆ ಹೆಚ್ಚಿಟ್ಟು ಕೈಕಟ್ಟಿ ಕೂರುತ್ತಾನೆ. ವೇಳೆ ಮುಗಿಯುವ ತನಕ ದರ ಯಾರಿಗೂ ಕಾಣದ ಮುಚ್ಚಿದ ಟೆಂಡರೇ ಲೇಸು. ಒಪ್ಪಿಗೆಯಾಗದ ದರವನ್ನು ನಿರಾಕರಿಸುವ ಹಕ್ಕು ಬೆಳೆಗಾರನದೇ ಆಗಿರಲಿ.

ಮೂರನೆಯದು ಹಣ. ಜಿಎಸ್‌ಟಿ ನೋಂದಣಿಯೂ ಠೇವಣಿಯೂ ಇಲ್ಲದ ಖರೀದಿದಾರನಿಗೆ ಬಿಡ್ ಹಾಕುವ ಅವಕಾಶ ಕೂಡದು. ಬಿಡ್ ಗೆದ್ದವನು ಪೂರ್ಣ ಹಣವನ್ನು ಬ್ಯಾಂಕಿನ ಎಸ್ಕ್ರೋ ಖಾತೆಗೆ ಕಟ್ಟಿದ ಮೇಲೆಯೇ ಲಾರಿ ಹೊರಡಲಿ. ಖರೀದಿದಾರನಿಗೂ ನ್ಯಾಯ ಸಿಗಬೇಕು: ಮಾದರಿಯಂತೆ ಮಾಲು ಇಲ್ಲವಾದರೆ ಇಂತಿಷ್ಟು ದಿನದೊಳಗೆ ತಕರಾರು ಹೂಡಲು, ಉಳಿಸಿಟ್ಟ ಮಾದರಿಯೊಡನೆ ಹೋಲಿಸಿ ತೀರ್ಮಾನ ಪಡೆಯಲು ದಾರಿಯಿರಲಿ. ಒಂದು ಕಡೆಯವರಿಗಷ್ಟೇ ಲಾಭವಾಗುವ ಸಂತೆಗೆ ಮುಂದಿನ ವಾರ ಯಾರೂ ಬರುವುದಿಲ್ಲ.

ನಾಲ್ಕನೆಯದು ಸಣ್ಣವರ ಪಾಲು. ಹತ್ತು ಮೂಟೆಗಾಗಿ ದೊಡ್ಡ ಖರೀದಿದಾರ ಲಾರಿ ಕಳಿಸುವುದಿಲ್ಲ. ಅದೇ ದರ್ಜೆಯ ಹತ್ತು ಹತ್ತು ಮೂಟೆ ಇಪ್ಪತ್ತು ಜನರಿಂದ ಕೂಡಿದರೆ 200 ಮೂಟೆ, ಅಂದರೆ 10 ಟನ್. ಹೀಗೆ ಕೂಡಿಸಿ, ಬಂದ ಹಣವನ್ನು ತೂಕಕ್ಕೆ ತಕ್ಕಂತೆ ಹಂಚುವ ಲೆಕ್ಕವನ್ನು ಆ್ಯಪ್ ಮಾಡಬೇಕು. ಸಹಕಾರ ತತ್ತ್ವಕ್ಕೆ ಯಂತ್ರ ಸಲ್ಲಿಸಬಹುದಾದ ನಿಜವಾದ ಸೇವೆ ಇದು.

ಐದನೆಯದು ಬಳಕೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇಲ್ಲ, ಸಿಗ್ನಲೂ ಇಲ್ಲ. ಬರೆದದ್ದನ್ನು ಫೋನು ತಾನೇ ಇಟ್ಟುಕೊಂಡು ಸಿಗ್ನಲ್ ಬಂದಾಗ ಕಳಿಸಬೇಕು. ಭಾಷೆ ಕನ್ನಡವಿರಲಿ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರ ಪರವಾಗಿ ಸಂಘದ ಕೌಂಟರಿನಲ್ಲಿ ನಮೂದಿಸಿ, ಅವರಿಗೆ ಎಸ್‌ಎಂಎಸ್ ಮೂಲಕ ತಿಳಿಸುವ ಏರ್ಪಾಡಿರಲಿ.

ಕೊನೆಯದು, ಎಲ್ಲಕ್ಕಿಂತ ಮಿಗಿಲಾದದ್ದು, ಲೆಕ್ಕಪುಸ್ತಕದ ಒಡೆತನ. ಯಾರಲ್ಲಿ ಎಷ್ಟು ಮೂಟೆ ದಾಸ್ತಾನಿದೆ, ಯಾರಿಗೆ ಹಣದ ಜರೂರಿದೆ ಎಂಬುದು ಖರೀದಿದಾರನಿಗೆ ಮೊದಲೇ ತಿಳಿದರೆ ಬೆಳೆಗಾರನ ಕೈ ಕಟ್ಟಿದಂತೆಯೇ. ಆರಂಭದಲ್ಲಿ ಉಚಿತವೆಂದು ಕರೆದು, ಎಲ್ಲರೂ ಸೇರಿದ ಮೇಲೆ ಶುಲ್ಕ ಏರಿಸುವುದೂ ಈ ವ್ಯವಹಾರದ ವಾಡಿಕೆ. ಆದಕಾರಣ ಮಾಹಿತಿ ಸಂಘದ ವಶದಲ್ಲಿರಬೇಕು, ಶುಲ್ಕ ಸರ್ವ ಸದಸ್ಯರ ಸಭೆಯಲ್ಲಿ ನಿಗದಿಯಾಗಬೇಕು, ಕಂಪನಿ ಬಿಟ್ಟುಹೋದರೂ ಲೆಕ್ಕ ನಮ್ಮಲ್ಲೇ ಉಳಿಯಬೇಕು. ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಇದೆಲ್ಲ ಬರಹದಲ್ಲಿರಲಿ.

ಇಷ್ಟನ್ನೂ ಒಮ್ಮೆಗೇ ಮಾಡಹೊರಟರೆ ಯಾವುದೂ ಆಗದು. ಒಂದು ಋತು ಚೆರಿ ಕಾಫಿಯಿಂದ ಮಾತ್ರ ಆರಂಭಿಸಿ, ಕಲಿತು, ಬಳಿಕ ಅಡಿಕೆಗೆ ವಿಸ್ತರಿಸುವುದು ವಿವೇಕ. ಆ್ಯಪ್ ಬಂದರೆ ಸಂಘವೇ ಬೇಡವೆನ್ನುವವರಿದ್ದಾರೆ. ನಮ್ಮ ಅಭಿಪ್ರಾಯ ಅದಕ್ಕೆ ತದ್ವಿರುದ್ಧ: ತಕ್ಕಡಿ ಹಿಡಿಯುವ, ಜಾಮೀನು ನಿಲ್ಲುವ ಸಂಘ ಹಿಂದೆ ಇದ್ದರಷ್ಟೇ ಆ್ಯಪಿಗೆ ಬೆಲೆ. ಸದಸ್ಯರು ಈ ಷರತ್ತುಗಳನ್ನು ಪರಾಮರ್ಶಿಸಿ, ಬಿಟ್ಟುಹೋದದ್ದನ್ನು ಸೇರಿಸಿ, ತಮ್ಮ ಅಭಿಪ್ರಾಯವನ್ನು ಲಿಖಿತವಾಗಿ ಕಚೇರಿಗೆ ತಲುಪಿಸಿ, ಮುಂದಿನ ಮಹಾಸಭೆಗೆ ತಪ್ಪದೆ ಬರಬೇಕೆಂದು ವಿನಂತಿ.

– ಕಾರ್ಯದರ್ಶಿ