ಒಂದು ಗಂಟೆಯ ವಿಮಾನ, ಏಳು ಗಂಟೆಯ ದಾರಿ

ತೋರಣಗಲ್ಲಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆ ಎಂಬ ಮಾತು 2017ರಿಂದ ನಮ್ಮ ಕಿವಿಗೆ ಬೀಳುತ್ತ ಬಂದಿದೆ. ಆ ವರ್ಷ ಕೇಂದ್ರ ಸರಕಾರದ ಉಡಾನ್ ಯೋಜನೆಯ ಕೆಳಗೆ, ಅಲ್ಲಿಯ ಉಕ್ಕಿನ ಕಾರ್ಖಾನೆಯ ವಿಮಾನ ನಿಲ್ದಾಣದಿಂದ ಸಾರ್ವಜನಿಕರಿಗೂ ವಿಮಾನ ಹಾರಿತು. ಹವಾಯಿ ಚಪ್ಪಲಿ ಮೆಟ್ಟಿದವನೂ ವಿಮಾನ ಹತ್ತುವಂತಾಗಬೇಕೆಂದು ಪ್ರಧಾನಿಗಳು ಅದೇ ವರ್ಷ ಸಿಮ್ಲಾದಲ್ಲಿ ಹೇಳಿದ್ದರು. ಮಾತು ಒಳ್ಳೆಯದೇ. ಆದರೆ ಆ ಚಪ್ಪಲಿಯವನು ಯಾವ ಊರಿನಿಂದ ಹೊರಟಿದ್ದಾನೆಂದು ಯಾರೂ ಕೇಳಿದಂತಿಲ್ಲ.

ಲೆಕ್ಕ ಹಾಕೋಣ. ತೋರಣಗಲ್ಲಿಗೂ ಬೆಂಗಳೂರಿನ ವಿಮಾನ ನಿಲ್ದಾಣಕ್ಕೂ ನೆಟ್ಟಗೆ ಗೆರೆ ಎಳೆದರೆ ಸುಮಾರು 250 ಕಿಲೋಮೀಟರು. ಗಂಟೆಗೆ 500 ಕಿ.ಮೀ. ಹಾರುವ ವಿಮಾನಕ್ಕೆ ಅರ್ಧ ಗಂಟೆಯ ದಾರಿ. ಏರುವುದು, ಇಳಿಯುವುದು, ನೆಲದ ಮೇಲೆ ಉರುಳುವುದು ಸೇರಿ ಒಂದು ಗಂಟೆ. ವೇಳಾಪಟ್ಟಿ ಹೇಳುವುದು ಇಷ್ಟನ್ನೇ. ಹರಪನಹಳ್ಳಿಯ ಒಬ್ಬ ಕಿರಾಣಿ ವ್ಯಾಪಾರಿ ಹೊರಟನೆನ್ನಿ. ಹಗರಿಬೊಮ್ಮನಹಳ್ಳಿ, ಹೊಸಪೇಟೆ ದಾಟಿ ತೋರಣಗಲ್ಲು ಮುಟ್ಟಲು ನೂರು ಕಿ.ಮೀ. ಮೀರುತ್ತದೆ, ಬಸ್ಸು ಬದಲಿಸುತ್ತ ಹೋದರೆ ಮೂರು ಗಂಟೆ. ಒಂದೂವರೆ ಗಂಟೆ ಮೊದಲೇ ಹೋಗಿ ಕೂರಬೇಕು. ಹಾರಾಟ ಒಂದು ಗಂಟೆ. 2008ರಿಂದ ಬೆಂಗಳೂರಿನ ವಿಮಾನ ಇಳಿಯುವುದು ದೇವನಹಳ್ಳಿಯ ಬಳಿ. ಅಲ್ಲಿಂದ ಚಿಕ್ಕಪೇಟೆಗೆ ಮತ್ತೆ ಒಂದೂವರೆ ಗಂಟೆ. ಒಟ್ಟು ಏಳಾಯಿತು! ಅದೇ ವ್ಯಾಪಾರಿ ರಾತ್ರಿ ಉಂಡು ದಾವಣಗೆರೆಯ ಮೇಲೆ ಹೋಗುವ ಬಸ್ಸು ಹತ್ತಿದರೆ ಬೆಳಗಾಗುವ ಹೊತ್ತಿಗೆ ಮೆಜೆಸ್ಟಿಕ್ಕಿನಲ್ಲಿರುತ್ತಾನೆ. ಹಗಲಿನ ವ್ಯಾಪಾರ ಕೆಡುವುದಿಲ್ಲ.

ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂದು ಸಾರಿದ ಮಿತಿ ಅರ್ಧದಷ್ಟು ಸೀಟುಗಳಿಗೆ ಮಾತ್ರ. ಕಂಪನಿಯ ನಷ್ಟ ತುಂಬಿಕೊಡುವ ಹಣದಲ್ಲಿ ರಾಜ್ಯದ ಪಾಲೂ ಉಂಟು, ಎಂದರೆ ಬಸ್ಸಿನಲ್ಲಿ ಹೋಗುವವನ ತೆರಿಗೆಯೂ ಉಂಟು. ಇಲ್ಲಿಂದ ಮೊದಲು ಹಾರಿದ ಟ್ರೂಜೆಟ್ ಕಂಪನಿ 2022ರಲ್ಲಿ ರೆಕ್ಕೆ ಮಡಚಿತು.

ನಾವು ವಿಮಾನದ ವೈರಿಗಳಲ್ಲ. ಹೊತ್ತಿನ ಬೆಲೆ ಹಡಗಲಿಯ ಮಲ್ಲಿಗೆ ಬೆಳೆಗಾರನಿಗೆ ಯಾವ ಅಧಿಕಾರಿಗಿಂತಲೂ ಚೆನ್ನಾಗಿ ಗೊತ್ತು. ಬಿಡಿಸಿದ ಮೊಗ್ಗು ಪೇಟೆ ಸೇರುವ ಮೊದಲೇ ಅರಳಿದರೆ ಅವನ ದರ ಇಳಿಯಿತು. ನಮ್ಮ ತಕರಾರು ಬೇರೆ. ಹೊಸಪೇಟೆ–ಕೊಟ್ಟೂರು ರೈಲು ಹಳಿಯನ್ನು 1995ರಲ್ಲಿ ಅಗಲ ಮಾಡಿದರು. ಹಳಿ ಅಗಲವಾಯಿತು, ಪ್ರಯಾಣಿಕರ ಗಾಡಿ ಮಾಯವಾಯಿತು! ಮುಂದೆ ಹರಿಹರದವರೆಗೆ ಹೊಸ ಹಳಿಯೂ ಬಂತು; ಸರಕು ಸಾಗಿತು. ಜನರಿಗೆ ಗಾಡಿ ಸಿಕ್ಕಿದ್ದು 2019ರಲ್ಲಿ. ಗಾಡಿ ನಿಂತಾಗ ಹುಟ್ಟಿದ ಕೂಸು ಅಷ್ಟರಲ್ಲಿ ಮದುವೆಯ ವಯಸ್ಸಿಗೆ ಬಂದಿತ್ತು. ಕೂಡ್ಲಿಗಿಗೂ ಹಡಗಲಿಗೂ ರೈಲಿನ ಸಿಳ್ಳು ಇನ್ನೂ ಕೇಳಿಸಿಲ್ಲ. ಆಕಾಶದಲ್ಲಿ ಅರ್ಧ ಗಂಟೆ ಉಳಿಸಲು ತೋರಿದ ಅವಸರ, ನೆಲದ ಮೇಲೆ ಇಪ್ಪತ್ತನಾಲ್ಕು ವರ್ಷ ಎಲ್ಲಿ ಹೋಗಿತ್ತು?

ಆದ್ದರಿಂದ ಸರಕಾರ ದೂರವನ್ನು ಅಳೆಯುವಾಗ ವಿಮಾನದ ಬಾಗಿಲಿನಿಂದಲ್ಲ, ನಮ್ಮ ಮನೆಯ ಹೊಸ್ತಿಲಿನಿಂದ ಅಳೆಯಲಿ. ತೋರಣಗಲ್ಲಿನ ವಿಮಾನ ನಮ್ಮದೂ ಎನ್ನುವುದಾದರೆ ಐದೂ ತಾಲೂಕು ಕೇಂದ್ರಗಳಿಂದ ಅದರ ವೇಳೆಗೆ ಕೂಡುವ ಬಸ್ಸು ಬಿಡಲಿ. ಕೊಟ್ಟೂರಿನ ಹಳಿಯ ಮೇಲೆ ಗಿರಣಿಯ ಪಾಳಿಗೂ ಪೇಟೆಯ ಹೊತ್ತಿಗೂ ಹೊಂದುವಂತೆ, ಹೋಗಲು ಬೆಳಗ್ಗೆ, ಮರಳಲು ಸಂಜೆ, ಗಾಡಿಗಳು ಓಡಲಿ.